ಮೆಟ್ಟಿಲ ಕೆಳಗಿನ ಡಬ್ಬಿ

ಇಪ್ಪತ್ತೆರಡು ವರ್ಷ ಹಲಗಿ ಒರಸಿದ ಎದಿ ಇದು,
ಖಡುವಿನ ಗೂಡು.
ಡಾಕ್ಟರು ಎಕ್ಸರೇ ಬೆಳಕಿಗೆ ಹಿಡದು
"ಧೂಳಿನಿಂದ ದೂರ ಇರ್ರಿ, ಟೀಚರ್" ಅಂದ್ರು.
ಹುಬ್ಬಳ್ಯಾಗ!
ಅಗದ ರಸ್ತೆ ಮತ್ತ ಅಗೀತಾರ,
ಕಿಡಕಿ ಹಾಕಿದ್ರೂ ಸಂದಿಯೊಳಗ ತೂರಿ
ಉಪ್ಪಿನಕಾಯಿ ಭರಣಿ ಮ್ಯಾಲ
ಹೆಸರು ಬರಿಯೂವಷ್ಟು ಕೂಡತೈತಿ.

ಕಸಬರಗಿ ಹೊಡದ್ರ ಧೂಳು ಹೋಗೂದಿಲ್ಲ,
ಎದ್ದು ಒಂದು ಸುತ್ತ ಹಾಕಿ ಮತ್ತ ಕುರ್ಚಿ ಹಿಡೀತೈತಿ
ಸಭಾಕ್ಕ ಬಂದ ಪುಢಾರಿಯಂಗ.

ಕೊಪ್ಪೀಕರ ರಸ್ತೆ ಅಂಗಡ್ಯಾಗ
ಗಾಲಿ ಇರೂ ಮಷೀನು ಹಚ್ಚಿ ತೋರಿಸಿದ್ರು.
ಮೂತಿಯಿಂದ ಜಗ್ಗಿದ್ದು
ಬೆನ್ನಿನಿಂದ ಸಣ್ಣಗ ಸೂಸತಿತ್ತು.
ಅಲ್ಲೇ ಕೆಮ್ಮಿದೆ.
ಆ ಕೆಮ್ಮೇ ಇನ್ನೊಂದನ್ನ ಆರಿಸಿತು:
ಮೋಟರು ಮೆಟ್ಟಿಲ ಕೆಳಗ, ಕೊಳವಿ ಗೋಡಿಯೊಳಗ,
ಖೋಲಿಗೊಂದು ಬಾಯಿ,
ಉಸಿರು ಹೊರಗ, ಹಿತ್ತಲಕ್ಕ.

ರೊಕ್ಕ ಕೇಳಿ ನಮ್ಮವರು ಚಹಾದ ಬಸಿ ಕೆಳಗಿಟ್ರು.
"ಇಷ್ಟರಾಗ ಮಾಳಗಿ ಮ್ಯಾಲ ಒಂದು ಖೋಲಿ ಏರತೈತಿ."
"ಏರಲಿ. ಅದರ ಕಸಾ ಯಾರು ಹೊಡೀಬೇಕು?"
ಪಿಎಫ್ ನಂದು. ಮಾತು ಅಲ್ಲಿಗೆ ಮುಗೀತು,
ಮುನಿಸು ಅಮಾಸಿತನಕ ನಡೀತು.

ಕೊಳವಿ ಹಾಕಾಕ ಬಂದಾವ ದಾವಲಸಾಬ ನದಾಫ.
"ಪೈಪು ಮೂವತ್ತು ಫೂಟು ಅಕ್ಕಾರ,
ಎಲ್ಲಿಂದ ಎಲ್ಲಿಗೆ ಮುಟ್ಟಬೇಕು ಹೇಳ್ರಿ."
ಅವನ ಟೇಪು ಹತ್ತಕ್ಕ ಹರದಿತ್ತು.
ಅತ್ತಿ ಟ್ರಂಕು ತಗದು
ಒಂಬತ್ತು ವಾರಿ ಇಳಕಲ್ ಸೀರಿ ಬಿಚ್ಚಿದ್ಲು.
ಸೆರಗು ಹಿಡದು ಆಕಿ ಅಡಗಿಮನಿ ಹೊಚ್ಚಲದಾಗ,
ಇನ್ನೊಂದು ತುದಿ ಹಿಡದು ನಾನು
ದೇವರ ಖೋಲಿ, ಮಂಚದ ಕೆಳಗ, ಬಚ್ಚಲ ಮಗ್ಗಲ.
ಸೀರಿ ಬಿಗದಲ್ಲಿ ದಾವಲಸಾಬ ಪೆನ್ಸಿಲಿನಿಂದ ಗುರುತು ಮಾಡಿದ.
"ಉಳಿದ ಮೂರು ಫೂಟು ನಿಮ್ಮ ಕೈ ಚಾಚಾಕ."
ನಾಕು ಬಾಯಿ ಸಾಕಾದವು.
ಕಂಪನಿ ನಕ್ಷಾದಾಗ ಆರಿದ್ದವು.

"ಒಮ್ಮೆಲೇ ಹೊಳ್ಳಬಾರದು ಕೊಳವಿ, ಕೂದಲಾ ಸಿಕ್ಕೊಂತಾವ.
ಎತ್ತಿನ ಗಾಡಿ ಹೊಳ್ಳಿದಂಗ ಹೊಳ್ಳಬೇಕು."
ಮೂರು ದಿನ ಗೋಡಿ ಕೊರದ್ರು.
ಹಸಿ ವಸ್ತ್ರ ಮೂಗಿಗೆ ಕಟಗೊಂಡು
ಹಿತ್ತಲದಾಗ ಕೂತೆ:
ಧೂಳು ಓಡಸೂ ಕೆಲಸಕ್ಕ ಧೂಳೇ ಮುಂಗಡ.

ನಾಕನೇ ದಿನ, ಕೊಳವಿಗೆ ಬಟ್ಟಿನಿಂದ ಬಡದು
ಕಿವಿ ಹಚ್ಚಿದ್ದ ದಾವಲಸಾಬ.
"ನಮ್ಮಜ್ಜ ಹತ್ತಿ ಹಿಂಜತಿದ್ದ.
ಬಿಲ್ಲಿನ ತಂತಿ ಝೇಂ ಅಂದ್ರ ಓಣಿಗೆಲ್ಲಾ ಗೊತ್ತು
ಯಾರ ಮನ್ಯಾಗ ಮದಿವಿ ಅಂತ.
ಗಾದಿ ಹಗುರಾಗತಿದ್ದವು, ಅಂವ ಭಾರ ಆಗತಿದ್ದ.
ಇಂಥಾ ಡಬ್ಬಿ ಅವನ ಎದ್ಯಾಗಽ ಇತ್ತು ಅಕ್ಕಾರ,
ಬಿಚ್ಚಿ ಝಾಡಿಸಾಕ ಬರತಿರಲಿಲ್ಲ, ಅಷ್ಟ."
ಮತ್ತ ಅಂಟು ಹಚ್ಚಾಕ ಹತ್ತಿದ.
ನಾ ಏನೂ ಅನಲಿಲ್ಲ.
ನನ್ನ ಎದಿ ಸುಂಯ್ ಅಂತು.

ಅತ್ತಿ ತಕರಾರು ಬ್ಯಾರೆ:
"ದೀಪಾ ಹಚ್ಚಿದ ಮ್ಯಾಲ ಕಸಾ ಹೊರಗ ಹಾಕಿದ್ರ
ಲಕ್ಷ್ಮಿ ಬೆನ್ನಹತ್ತಿ ಹೋಗ್ತಾಳ."
"ಇದು ಹೊರಗ ಹಾಕೂದಿಲ್ಲ ಅತ್ತಿ,
ಮೆಟ್ಟಿಲ ಕೆಳಗ ಜೋಪಾನ ಇಡತೈತಿ."
ಎಲಿಗೆ ಸುಣ್ಣ ಹಚ್ಚೂದು ನಿಲ್ಲಿಸಿ ವಿಚಾರ ಮಾಡಿದ್ಲು.
"ಹಂಗಾರ ಬ್ಯಾಂಕ್ ಇದ್ದಂಗ."
ಅವತ್ತಿನಿಂದ ಮುಚ್ಚಂಜಿಮುಂದ
ಆಕಿನ ಗುಂಡಿ ಒತ್ತತಾಳ.

ಕಸಬರಗಿ ಇನ್ನೂ ಬಾಗಿಲ ಹಿಂದ ಐತಿ,
ಅಂಗಳಕ್ಕ.

ತಿಂಗಳ ಮ್ಯಾಲ ಡಬ್ಬಿ ಬಿಚ್ಚಿದೆ, ಹಗಲಿನಾಗ.
ಜ್ವಾಳದ ಹಿಟ್ಟು, ಇಬತ್ತಿ, ಸಾಸಿವಿ,
ನನ್ನ ಕರಿ ಕೂದಲು, ಆಕಿ ಬಿಳಿ ಕೂದಲು,
ಎಲ್ಲಾ ಕೂಡಿ ಒಂದು ಬೂದು ಮುದ್ದಿ,
ಮೆತ್ತಗ, ಹಿಂಜಿದ ಹತ್ತಿಯಂಗ,
ಮಗುವಿನ ದಿಂಬಿಗೆ ಆಗೂವಷ್ಟು.

ಕೆಮ್ಮು ಹೋತೇನು ಅಂತ ಕೇಳಬ್ಯಾಡ್ರಿ.
ಹೋಗಿಲ್ಲ.

ಕಸದ ಗಾಡಿ ಬಂದು ಹಾರ್ನ್ ಹೊಡೀತು.
ಎಲ್ಲಾರೂ ದೂರಿಂದ ಒಗದ್ರು.
ನಾ ಹತ್ತರ ಹೋಗಿ
ಒಂದು ಮೂಲ್ಯಾಗ ಇಟ್ಟು ಬಂದೆ.